ಚಂದ್ರನ ಗೋಪುರ, ಮಂಗಳನ ಮುಖ: ಬಾಹ್ಯಾಕಾಶದ ಚಿತ್ರಗಳನ್ನು ಓದುವ ಬಗೆ

ಚಂದ್ರನ ಮೇಲೆ ಗೋಪುರಗಳ ಸಾಲಿದೆ, ಮಂಗಳ ಗ್ರಹದಲ್ಲಿ ಆಕಾಶವನ್ನು ದಿಟ್ಟಿಸುತ್ತಿರುವ ಕಲ್ಲಿನ ಮುಖವಿದೆ, ಅಲ್ಲಿನ ಬಂಡೆಯೊಂದರಲ್ಲಿ ಕೊರೆದ ಬಾಗಿಲಿದೆ, ಬುಧನ ಪಕ್ಕದಲ್ಲಿ ಅದೃಶ್ಯ ನೌಕೆಯೊಂದು ನಿಂತಿದೆ ಎನ್ನುವ ವೀಡಿಯೊಗಳು ಮಂಗಳೂರು, ಉಡುಪಿಯ ಮನೆಮನೆಯ ವಾಟ್ಸಾಪ್ ಗುಂಪುಗಳಿಗೂ ಬಂದು ಸೇರುತ್ತವೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ನೆಲ ಮುಟ್ಟಿದ ಮೇಲೆ ನಮ್ಮ ಕಡೆಯ ಮಕ್ಕಳಲ್ಲಿ ಚಂದ್ರನ ಬಗ್ಗೆ ಹುಟ್ಟಿದ ಆಸಕ್ತಿ ದೊಡ್ಡದು. ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಪ್ರದರ್ಶನ ಮುಗಿಸಿ ಹೊರಬರುವ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೂ ಇರುತ್ತದೆ: ಅಲ್ಲಿ ಯಾರೋ ಕಟ್ಟಿದ್ದು ಏನಾದರೂ ಇದೆಯೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಶ್ನೆ ಗಂಭೀರವಾದದ್ದು, ಅದನ್ನು ಗಂಭೀರವಾಗಿ ಕೇಳಿದ ವಿಜ್ಞಾನಿಗಳೂ ಇದ್ದಾರೆ. ಎಡವಟ್ಟಾಗುವುದು ಉತ್ತರ ಹುಡುಕುವ ಕ್ರಮದಲ್ಲಿ, ಅದರಲ್ಲೂ ಒಂದು ಚಿತ್ರವನ್ನು ಓದುವ ಕ್ರಮದಲ್ಲಿ.

ಬಾಹ್ಯಾಕಾಶ ನೌಕೆ ಕಳಿಸುವ ಚಿತ್ರ ಮೂಲತಃ ಒಂದು ಅಳತೆ. ಯಾವ ಎತ್ತರದಿಂದ, ಯಾವ ಗಳಿಗೆಯಲ್ಲಿ, ಸೂರ್ಯ ಎಷ್ಟು ಡಿಗ್ರಿ ಮೇಲಿದ್ದಾಗ, ಒಂದು ಪಿಕ್ಸೆಲ್‌ಗೆ ನೆಲದ ಎಷ್ಟು ಮೀಟರ್ ಸಿಕ್ಕಿತು ಎಂಬ ವಿವರಗಳು ಪ್ರತಿ ಚಿತ್ರದ ಜೊತೆಗೂ ಇರುತ್ತವೆ. ಅನ್ಯಗ್ರಹದ ಕಟ್ಟಡಗಳ ಬಗ್ಗೆ ಇದುವರೆಗೆ ಬಂದ ಹೇಳಿಕೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಚಿತ್ರವನ್ನು ಹಂಚುವವರು ಮೊದಲು ಕಳಚಿಹಾಕಿರುವುದೇ ಈ ವಿವರಗಳನ್ನು ಎಂಬುದು ತಿಳಿಯುತ್ತದೆ. ಪ್ರತಿ ಹೇಳಿಕೆಯೂ ಆಯಾ ಕಾಲದ ಉಪಕರಣಕ್ಕೆ ಕಾಣುವುದು ಎಲ್ಲಿ ನಿಲ್ಲುತ್ತದೋ ಅಲ್ಲೇ ಹುಟ್ಟಿದೆ. ಉಪಕರಣ ಉತ್ತಮಗೊಂಡಾಗ ಆ ಕಟ್ಟಡ ಸ್ಪಷ್ಟವಾಗುವ ಬದಲು ಮಾಯವಾಗಿದೆ. ನಿಜವಾಗಿ ಇರುವ ವಸ್ತುವಿನ ನಡವಳಿಕೆ ಇದಕ್ಕೆ ತಿರುಗುಮುರುಗು: ಹತ್ತಿರ ಹೋದಷ್ಟೂ ಅದರ ವಿವರ ಹೆಚ್ಚುತ್ತದೆ.

ಈ ಚರಿತ್ರೆ ನೌಕೆಗಳಿಗಿಂತ ಹಳೆಯದು. 1824ರಲ್ಲಿ ಜರ್ಮನಿಯ ಗ್ರೂಯಿಟ್‌ಹ್ಯೂಸನ್ ಎಂಬ ಖಗೋಳವೀಕ್ಷಕ ತನ್ನ ಸಣ್ಣ ದೂರದರ್ಶಕದಲ್ಲಿ ಚಂದ್ರನ ಮೇಲೆ ಕೋಟೆಗೋಡೆಗಳುಳ್ಳ ನಗರವನ್ನು ಕಂಡೆನೆಂದು ಬರೆದ. ಅದೇ ಜಾಗವನ್ನು ಉತ್ತಮ ದೂರದರ್ಶಕಗಳಲ್ಲಿ ನೋಡಿದಾಗ ಸಿಕ್ಕಿದ್ದು ಅಡ್ಡಾದಿಡ್ಡಿಯಾದ ತಗ್ಗು ದಿಣ್ಣೆಗಳು. 1835ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆ ಚಂದ್ರನಲ್ಲಿ ಬಾವಲಿ ರೆಕ್ಕೆಯ ಮನುಷ್ಯರಿದ್ದಾರೆಂದು ಧಾರಾವಾಹಿಯಾಗಿ ಪ್ರಕಟಿಸಿದ್ದು ಶುದ್ಧ ಕಟ್ಟುಕತೆ, ಅದನ್ನು ಇಲ್ಲಿ ಬಿಡೋಣ. ನಿಜಕ್ಕೂ ಪಾಠವಾಗಬಲ್ಲದ್ದು ಮಂಗಳನ ಕಾಲುವೆಗಳ ಪ್ರಸಂಗ, ಏಕೆಂದರೆ ಅದರಲ್ಲಿ ಮೋಸಗಾರರು ಯಾರೂ ಇರಲಿಲ್ಲ. 1877ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಾಗ ಇಟಲಿಯ ಸ್ಕಿಯಾಪರೆಲ್ಲಿ ಅದರ ಮೇಲೆ ನೇರ ಗೆರೆಗಳನ್ನು ಗುರುತಿಸಿದರು. ಅಮೆರಿಕದ ಪರ್ಸಿವಲ್ ಲೊವೆಲ್ ಆ ಗೆರೆಗಳಿಗಾಗಿಯೇ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ 1894ರಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿ, ಒಣಗುತ್ತಿರುವ ಗ್ರಹದ ಜನ ಧ್ರುವದ ಹಿಮದಿಂದ ನೀರು ಹರಿಸಲು ತೋಡಿದ ಕಾಲುವೆಗಳಿವು ಎಂದು ವಾದಿಸಿದರು. ಅವರು ಪ್ರಾಮಾಣಿಕರು, ಶ್ರಮಜೀವಿ, ಗಣಿತ ಬಲ್ಲವರು. ಆದರೂ ಅವರ ನಕ್ಷೆಯಲ್ಲಿದ್ದ ನೂರಾರು ಕಾಲುವೆಗಳಲ್ಲಿ ಒಂದೂ ಮಂಗಳನಲ್ಲಿ ಇರಲಿಲ್ಲ.

ಗೆರೆಗಳು ಬಂದದ್ದಾದರೂ ಎಲ್ಲಿಂದ? ಇದನ್ನು ತಿಳಿಯಲು ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ವಾಲ್ಟರ್ ಮಾಂಡರ್ ಮಾಡಿದ ಪ್ರಯೋಗ ಇಂದಿಗೂ ನಮ್ಮ ಶಾಲೆಗಳಲ್ಲಿ ಮಾಡಿಸಬೇಕಾದಂಥದ್ದು. 1903ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಶಾಲಾ ಬಾಲಕರನ್ನು ಬೇರೆಬೇರೆ ದೂರದಲ್ಲಿ ಕೂರಿಸಿ, ಚುಕ್ಕೆ ಮತ್ತು ಮಚ್ಚೆಗಳಷ್ಟೇ ಇದ್ದ, ಕಾಲುವೆಯ ಗೆರೆಗಳಿಲ್ಲದ ಒಂದು ವೃತ್ತದ ಚಿತ್ರವನ್ನು ತೋರಿಸಿ ಕಂಡಂತೆ ಬರೆಯಲು ಹೇಳಲಾಯಿತು. ತೀರಾ ಹತ್ತಿರ ಕೂತವರು ಚುಕ್ಕೆಗಳನ್ನು ಚುಕ್ಕೆಗಳಾಗಿಯೇ ಬರೆದರು. ಕಣ್ಣಿನ ಸಾಮರ್ಥ್ಯ ಮುಗಿಯುವ ಮಧ್ಯದ ದೂರದಲ್ಲಿ ಕೂತವರು ಚುಕ್ಕೆಗಳನ್ನು ಜೋಡಿಸಿ ನೇರ ಗೆರೆ ಎಳೆದರು. ಮಂಗಳನ ಕಾಲುವೆಗಳ ವಿಷಯ ತಿಳಿಯದ ಮಕ್ಕಳ ಕಣ್ಣು ಮಾಡಿದ್ದನ್ನೇ ಲೊವೆಲ್ ಅವರ ಕಣ್ಣೂ ಮಾಡಿತ್ತು. 1909ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿ 83 ಸೆಂಟಿಮೀಟರ್ ಮಸೂರದ ದೂರದರ್ಶಕದ ಮೂಲಕ ನೋಡಿದ ಅಂತೋನಿಯಾದಿ ಅವರಿಗೆ ಗೆರೆಗಳ ಜಾಗದಲ್ಲಿ ಒಡೆದ, ಅನಿಯತವಾದ ಮಚ್ಚೆಗಳು ಕಂಡವು. ಕೊನೆಗೆ 1965ರ ಜುಲೈಯಲ್ಲಿ ಮ್ಯಾರಿನರ್-4 ಮಂಗಳನ ಪಕ್ಕದಲ್ಲಿ ಹಾದುಹೋಗಿ, ಉದ್ದಕ್ಕೂ ಅಗಲಕ್ಕೂ 200 ಪಿಕ್ಸೆಲ್‌ಗಳಷ್ಟೇ ಇದ್ದ 22 ಚಿತ್ರಗಳನ್ನು ಕಳಿಸಿತು. ಅವುಗಳಲ್ಲಿ ಕಂಡದ್ದು ಉಲ್ಕಾಕುಳಿಗಳು. ಲೊವೆಲ್ ಶುಕ್ರನ ಮೇಲೂ ಚಕ್ರದ ಅರಗಳಂಥ ಗೆರೆಗಳನ್ನು ಕಂಡಿದ್ದರು. ದೂರದರ್ಶಕದ ಬಾಯಿಯನ್ನು ತೀರಾ ಕಿರಿದುಗೊಳಿಸಿ ನೋಡುತ್ತಿದ್ದುದರಿಂದ ಅವರ ಸ್ವಂತ ಕಣ್ಣಿನ ರಕ್ತನಾಳಗಳ ನೆರಳೇ ಅವರಿಗೆ ಕಾಣುತ್ತಿತ್ತು ಎಂಬ ವಿವರಣೆ ಅದಕ್ಕಿದೆ, ಮತ್ತು ಅದು ನನಗೆ ಒಪ್ಪಿಗೆಯಾಗುತ್ತದೆ.

ಕ್ಯಾಮೆರಾ ಬಂದ ಮೇಲೆ ಕಣ್ಣಿನ ಈ ದೋಷ ತೊಲಗಿತೆಂದು ತಿಳಿಯುವಂತಿಲ್ಲ, ಏಕೆಂದರೆ ಚಿತ್ರವನ್ನು ನೋಡುವುದು ಮತ್ತೆ ನಮ್ಮ ಕಣ್ಣೇ. ಮಂಗಳನ ಮುಖ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1976ರ ಜುಲೈ 25ರಂದು ವೈಕಿಂಗ್-1 ನೌಕೆ, ತನ್ನ ಜೊತೆಗಾರ ವೈಕಿಂಗ್-2ಕ್ಕೆ ಇಳಿಯಲು ಜಾಗ ಹುಡುಕುತ್ತ, ಸೈಡೋನಿಯಾ ಎಂಬ ಪ್ರದೇಶವನ್ನು 1,873 ಕಿಲೋಮೀಟರ್ ದೂರದಿಂದ ಸೆರೆಹಿಡಿಯಿತು. ಅದರಲ್ಲಿ ಸುಮಾರು 2 ಕಿಲೋಮೀಟರ್ ಉದ್ದದ ಒಂದು ದಿಬ್ಬ ಮನುಷ್ಯನ ಮುಖದಂತೆ ಕಂಡಿತು. ಇದನ್ನು ನಾಸಾ ಮುಚ್ಚಿಟ್ಟಿತ್ತು ಎಂದು ಹೇಳುವವರಿದ್ದಾರೆ. ವಾಸ್ತವದಲ್ಲಿ ಚಿತ್ರ ತೆಗೆದ ಒಂದು ವಾರದೊಳಗೆ ಅದನ್ನು ಪತ್ರಿಕೆಗಳಿಗೆ ಕೊಟ್ಟದ್ದು ನಾಸಾ. ನೆರಳುಗಳಿಂದಾಗಿ ಕಣ್ಣು, ಮೂಗು, ಬಾಯಿಯ ಭ್ರಮೆ ಉಂಟಾಗಿದೆ ಎಂದು ಅದರ ಜೊತೆಗಿನ ವಿವರಣೆಯಲ್ಲಿಯೇ ಬರೆದಿತ್ತು.

ಆ ಚಿತ್ರವನ್ನು ಅಳತೆಯಾಗಿ ಓದಿದರೆ ಏನು ಸಿಗುತ್ತದೆ ನೋಡಿ. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 50 ಮೀಟರ್, ಅಂದರೆ ಇಡೀ ಮುಖ ಉದ್ದಕ್ಕೆ ನಲವತ್ತರಷ್ಟು ಪಿಕ್ಸೆಲ್‌ಗಳಲ್ಲಿ ಮುಗಿಯುತ್ತದೆ. ಬಾಯಿಗೆ ಸಿಕ್ಕಿದ್ದು ಕೆಲವೇ ಕೆಲವು. ಸೂರ್ಯ ದಿಗಂತದಿಂದ 20 ಡಿಗ್ರಿಯಷ್ಟೇ ಮೇಲಿದ್ದ, ಆದ್ದರಿಂದ ದಿಬ್ಬದ ಅರ್ಧಭಾಗ ಪೂರ್ತಿ ಕತ್ತಲೆಯಲ್ಲಿತ್ತು. ಚಿತ್ರದ ತುಂಬ ಕರಿಚುಕ್ಕೆಗಳಿದ್ದವು. ಅವು ರೇಡಿಯೊ ಮೂಲಕ ಬರುವಾಗ ಕಳೆದುಹೋದ ಪಿಕ್ಸೆಲ್‌ಗಳು, ಮುಖದ ಮೂಗಿನ ಹೊಳ್ಳೆಯಂತೆ ಕಂಡದ್ದು ಅವುಗಳಲ್ಲೊಂದು. ಕೆಲವು ವರ್ಷಗಳ ಬಳಿಕ ಡಿಪಿಯೆಟ್ರೊ ಮತ್ತು ಮೊಲೆನಾರ್ ಎಂಬ ಇಬ್ಬರು ಇಂಜಿನಿಯರುಗಳು ವೈಕಿಂಗ್ ಕಡತದಲ್ಲಿ ಅದೇ ದಿಬ್ಬದ ಇನ್ನೊಂದು ಚಿತ್ರವನ್ನು ಹುಡುಕಿ, ಎರಡರಲ್ಲೂ ಮುಖ ಕಾಣುತ್ತದೆ, ಹಾಗಾಗಿ ಇದು ನೆರಳಿನಾಟವಲ್ಲ ಎಂದು ವಾದಿಸಿದರು. ಎರಡನೆಯ ಚಿತ್ರವನ್ನು ಹುಡುಕಿದ್ದು ಸರಿಯಾದ ಹೆಜ್ಜೆ. ಆದರೆ ಅದರಲ್ಲಿಯೂ ಸೂರ್ಯ 30 ಡಿಗ್ರಿಗಿಂತ ಕೆಳಗೆ, ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿದ್ದ, ಕ್ಯಾಮೆರಾ ಕೂಡ ಅದೇ ಬಗೆಯದು. ಎರಡನೆಯ ಸಾಕ್ಷಿಯೆನ್ನಿಸಿಕೊಳ್ಳಬೇಕಾದರೆ ಬೆಳಕೋ ಕೋನವೋ ರೆಸಲ್ಯೂಶನ್ನೋ (ಎಷ್ಟು ಸಣ್ಣ ವಿವರ ಕಾಣುತ್ತದೆ ಎಂಬ ಅಳತೆ) ಬದಲಾಗಿರಬೇಕು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ 1998ರ ಏಪ್ರಿಲ್‌ನಲ್ಲಿ ಪಿಕ್ಸೆಲ್‌ಗೆ 4.3 ಮೀಟರ್, 2001ರ ಏಪ್ರಿಲ್ 8ರಂದು ಪಿಕ್ಸೆಲ್‌ಗೆ ಸುಮಾರು 1.6 ಮೀಟರ್ ರೆಸಲ್ಯೂಶನ್‌ನಲ್ಲಿ ಅದೇ ದಿಬ್ಬವನ್ನು ತೆಗೆದಾಗ ಈ ಬದಲಾವಣೆಗಳು ಒಟ್ಟಿಗೇ ದೊರೆತವು. ಕಂಡದ್ದು ಗಾಳಿ ಮತ್ತು ಸವಕಳಿಯಿಂದ ಅಂಚು ಕುಸಿದ, ಮೇಲೆ ಚಪ್ಪಟೆಯಾದ ಗುಡ್ಡ. ಅದರ ಸುತ್ತ ಅಂಥ ಗುಡ್ಡಗಳು ಇನ್ನೂ ಎಷ್ಟೋ ಇವೆ, ಅವುಗಳಿಗೆ ಮುಖವಿಲ್ಲದ ಕಾರಣ ಯಾರೂ ಅವುಗಳ ವೀಡಿಯೊ ಮಾಡಲಿಲ್ಲ.

ಮುಖಗಳನ್ನು ಗುರುತಿಸುವ ಕೆಲಸಕ್ಕೆ ನಮ್ಮ ಮೆದುಳಿನಲ್ಲಿ ಪ್ರತ್ಯೇಕ ಭಾಗವೇ ಇದೆ. ಎರಡು ಕಪ್ಪು ಮಚ್ಚೆ, ಕೆಳಗೊಂದು ಅಡ್ಡಗೆರೆ ಸಿಕ್ಕರೆ ಸಾಕು, ಅದು ಯೋಚನೆಗೂ ಮೊದಲೇ ಕೆಲಸ ಶುರುಮಾಡುತ್ತದೆ. ಹುಣ್ಣಿಮೆಯ ಚಂದ್ರನಲ್ಲಿ ನಾವು ತಲೆತಲಾಂತರದಿಂದ ಮೊಲವನ್ನು ನೋಡುತ್ತ ಬಂದದ್ದೂ ಇದೇ ಶಕ್ತಿಯಿಂದ. ಆ ಕಪ್ಪು ಮಚ್ಚೆಗಳು ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಲಾವಾದ ಬಯಲುಗಳು.

ನೆರಳಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಂದ್ರನ ಗೋಪುರಗಳ ಕತೆ ಪೂರ್ತಿಯಾಗಿ ಅದರ ಮೇಲೆ ನಿಂತಿದೆ. 1966ರ ನವೆಂಬರ್ 20ರಂದು ಲೂನಾರ್ ಆರ್ಬಿಟರ್-2 ನೌಕೆ ಟ್ರ್ಯಾಂಕ್ವಿಲಿಟಿ ಸಮುದ್ರವೆಂದು ಕರೆಯುವ ಬಯಲಿನ ಚಿತ್ರ ತೆಗೆದಾಗ ಅದರಲ್ಲಿ ಸೂಜಿಯಂತೆ ಚೂಪಾದ ಕೆಲವು ನೆರಳುಗಳಿದ್ದವು. ವಿಲಿಯಂ ಬ್ಲೇರ್ ಎಂಬವರು ಅವುಗಳ ಜೋಡಣೆಯಲ್ಲಿ ತ್ರಿಕೋನಗಳ ಕ್ರಮವಿದೆ, ಇದು ಯಾರೋ ನಿಲ್ಲಿಸಿದ ಸ್ತಂಭಗಳಾಗಿರಬಹುದು ಎಂದು ಸೂಚಿಸಿದರು. ಅವರ ಹೆಸರಿನಿಂದಲೇ ಅವು ಇಂದಿಗೂ ಪ್ರಸಿದ್ಧವಾಗಿವೆ. ಆ ಹೊತ್ತಿನಲ್ಲಿ ಅಲ್ಲಿ ಸೂರ್ಯ ದಿಗಂತದಿಂದ 11 ಡಿಗ್ರಿ ಮೇಲಿದ್ದ. ಅಷ್ಟು ಕೆಳಗಿನ ಬೆಳಕಿನಲ್ಲಿ ಸಮತಟ್ಟಾದ ನೆಲದ ಮೇಲೆ ಯಾವುದೇ ವಸ್ತುವಿನ ನೆರಳು ಅದರ ಎತ್ತರಕ್ಕಿಂತ ಐದು ಪಟ್ಟು ಉದ್ದವಾಗುತ್ತದೆ. ನೆಲ ನೆರಳು ಬೀಳುವ ದಿಕ್ಕಿಗೆ 5 ಡಿಗ್ರಿ ಇಳಿಜಾರಾಗಿದ್ದರೆ ನೆರಳು ಒಂಬತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೆರಳಿನಿಂದ ಎತ್ತರ ಕಟ್ಟಿದವರು ಸಣ್ಣ ಬಂಡೆಯನ್ನು ಸುಮಾರು ಎರಡು ಪಟ್ಟು ಎತ್ತರದ ಕಂಬವನ್ನಾಗಿ ಮಾಡುತ್ತಾರೆ. ಜೊತೆಗೆ ಬುಡ ದುಂಡಗಿರುವ, ಮೇಲೆ ಕಿರಿದಾದ ಯಾವ ಬಂಡೆಯ ನೆರಳಾದರೂ ಉದ್ದಕ್ಕೆ ಎಳೆದಾಗ ಚೂಪಾದ ಶಿಖರದಂತೆಯೇ ಕಾಣುತ್ತದೆ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಸೂರ್ಯ ಮುಳುಗಲು ಅರ್ಧ ಗಂಟೆಯಿರುವಾಗ ಮರಳಿನ ಮೇಲಿನ ಪ್ರತಿ ಹೆಜ್ಜೆಗುರುತೂ ಆಳವಾದ ಹೊಂಡದಂತೆ, ಅಂಗೈಯಗಲದ ಚಿಪ್ಪೂ ಗುಡ್ಡದಂತೆ ತೋರುವುದನ್ನು ನೋಡಿದವರಿಗೆ ಈ ಲೆಕ್ಕ ಹೊಸದೆನಿಸಲಾರದು.

ಇನ್ನು ತ್ರಿಕೋನಗಳ ವಿಷಯ. ಏಳು ಬಿಂದುಗಳನ್ನು ಹೇಗೆ ಚೆಲ್ಲಿದರೂ ಅವುಗಳಿಂದ ಮೂರುಮೂರರಂತೆ 35 ತ್ರಿಕೋನಗಳಾಗುತ್ತವೆ. ಮೂವತ್ತೈದರಲ್ಲಿ ಕೆಲವು ಸಮದ್ವಿಬಾಹುವಿಗೆ ಹತ್ತಿರವಾಗಿ, ಕೆಲವು ಲಂಬಕೋನಕ್ಕೆ ಹತ್ತಿರವಾಗಿ ಬರದಿದ್ದರೆ ಅದೇ ಆಶ್ಚರ್ಯ. ಬಿಂದುಗಳನ್ನು ನೋಡಿದ ಮೇಲೆ ಕ್ರಮವನ್ನು ಆರಿಸಿಕೊಂಡರೆ ಯಾವ ಚದುರಿದ ಬಂಡೆಗಳಲ್ಲಿಯೂ ರೇಖಾಗಣಿತ ಸಿಗುತ್ತದೆ. ಇಂಥ ಕ್ರಮ ಇಂಥ ಕಡೆ ಇರಬೇಕೆಂದು ಮೊದಲೇ ಹೇಳಿ ಆಮೇಲೆ ನೋಡಿದರೆ ಮಾತ್ರ ಅದಕ್ಕೆ ಬೆಲೆ. ಸಂಖ್ಯೆಗಳ ಗಾತ್ರವೂ ಇಲ್ಲಿ ಮುಖ್ಯ. ಚಂದ್ರನ ಮೇಲ್ಮೈ ಸುಮಾರು 3.8 ಕೋಟಿ ಚದರ ಕಿಲೋಮೀಟರ್. ಪಿಕ್ಸೆಲ್‌ಗೆ ಅರ್ಧ ಮೀಟರಿನಂತೆ ಅದನ್ನೆಲ್ಲ ಚಿತ್ರಿಸಿದರೆ ಸುಮಾರು 150 ಲಕ್ಷ ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಅಷ್ಟರಲ್ಲಿ ಗೋಪುರ, ಸೇತುವೆ, ಮುಖಗಳನ್ನು ಹೋಲುವ ತುಣುಕುಗಳು ಸಾವಿರಗಟ್ಟಲೆ ಸಿಗಲೇಬೇಕು. ನಮಗೆ ತಲುಪುವುದು ಹೋಲುವ ತುಣುಕು ಮಾತ್ರ, ಹೋಲದ ಕೋಟ್ಯಂತರ ಚೌಕಗಳನ್ನು ಯಾರೂ ಕಳಿಸುವುದಿಲ್ಲ.

ಕ್ಯಾಮೆರಾದೊಳಗೆ ನಡೆಯುವ ಕೆಲಸವೂ ಕಟ್ಟಡಗಳನ್ನು ಸೃಷ್ಟಿಸುತ್ತದೆ. 1966-67ರಲ್ಲಿ ಹೋದ ಐದು ಲೂನಾರ್ ಆರ್ಬಿಟರ್‌ಗಳು ನಿಜವಾದ ಫಿಲ್ಮ್ ಮೇಲೆ ಚಿತ್ರ ತೆಗೆದು, ನೌಕೆಯೊಳಗೇ ಅದನ್ನು ತೊಳೆದು, ಸಣ್ಣ ಬೆಳಕಿನ ಕಿರಣದಿಂದ ಪಟ್ಟಿಪಟ್ಟಿಯಾಗಿ ಓದಿ ಭೂಮಿಗೆ ಕಳಿಸುತ್ತಿದ್ದವು. ಇಲ್ಲಿ ಆ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಲಾಗುತ್ತಿತ್ತು. ತೊಳೆಯುವಾಗ ಎದ್ದ ಗುಳ್ಳೆ, ಫಿಲ್ಮ್ ಮೇಲಿನ ಕಲೆ, ಪಟ್ಟಿಗಳು ಸೇರುವ ಗೆರೆ ಎಲ್ಲವೂ ಚಂದ್ರನ ಆಕಾಶದಲ್ಲಿ ನಿಂತ ಗಾಜಿನ ಗೋಪುರಗಳಾಗಿ ಪುಸ್ತಕಗಳಲ್ಲಿ, ವೀಡಿಯೊಗಳಲ್ಲಿ ಬದುಕುತ್ತಿವೆ. ಶುಕ್ರನಲ್ಲಿ 1982ರ ಮಾರ್ಚ್ 1ರಂದು ಇಳಿದು, ಸುಮಾರು 457 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 127 ನಿಮಿಷ ಬದುಕಿದ್ದ ಸೋವಿಯತ್ ನೌಕೆ ವೆನೆರಾ-13 ಕಳಿಸಿದ ಚಿತ್ರಗಳಲ್ಲಿ ಚೇಳನ್ನು ಹೋಲುವ ಪ್ರಾಣಿ ಇದೆಯೆಂದು 2012ರಲ್ಲಿ ರಷ್ಯಾದ ವಿಜ್ಞಾನಿಯೊಬ್ಬರೇ ಬರೆದರು. ಅದು ಪ್ರಸಾರದ ಗದ್ದಲದಲ್ಲಿ ಮೂಡಿದ ಆಕಾರ ಎಂಬುದು ಇತರ ವಿಶ್ಲೇಷಕರ ತೀರ್ಮಾನ. ಅದೇ ಚಿತ್ರಗಳಲ್ಲಿ ನೆಲದ ಮೇಲೆ ಬಿದ್ದಿರುವ ಅರ್ಧವೃತ್ತದಂಥ ವಸ್ತು ನಿಜಕ್ಕೂ ಯಂತ್ರದ ಭಾಗವೇ: ಕ್ಯಾಮೆರಾದಿಂದ ಕಳಚಿಬಿದ್ದ ಮುಚ್ಚಳ.

ಬುಧನ ಪಕ್ಕದ ಅದೃಶ್ಯ ನೌಕೆ ಹುಟ್ಟಿದ್ದು 2011ರ ಡಿಸೆಂಬರಿನಲ್ಲಿ. ಸೂರ್ಯನನ್ನು ಗಮನಿಸುವ ಸ್ಟೀರಿಯೊ ನೌಕೆಯ ಚಿತ್ರಮಾಲೆಯಲ್ಲಿ ಸೌರಸ್ಫೋಟದ ಅಲೆ ಬುಧನನ್ನು ದಾಟುವಾಗ ಅದರ ಬಳಿಯಲ್ಲೇ ಗ್ರಹದಷ್ಟು ದೊಡ್ಡ ಇನ್ನೊಂದು ವಸ್ತು ಬೆಳಗಿದಂತೆ ಕಂಡಿತು. ಮಸುಕಾದ ಸೌರಮಾರುತ ಕಾಣಬೇಕಾದರೆ ಹಿನ್ನೆಲೆಯ ಬೆಳಕನ್ನು ಕಳೆಯಬೇಕು; ಆ ಹಿನ್ನೆಲೆಯನ್ನು ಹಿಂದಿನ ದಿನದ ಚಿತ್ರಗಳಿಂದ ಲೆಕ್ಕಹಾಕುತ್ತಾರೆ. ನಕ್ಷತ್ರಗಳಿಗೆ ಹೋಲಿಸಿದರೆ ಗ್ರಹ ಒಂದು ದಿನದಲ್ಲಿ ಸರಿಯುವುದರಿಂದ, ಕಳೆಯುವ ಲೆಕ್ಕದಲ್ಲಿ ಅದು ಹಿಂದಿನ ದಿನ ಇದ್ದ ಜಾಗದಲ್ಲಿ ಒಂದು ಗುರುತು ಉಳಿಯುತ್ತದೆ. ಜನ ನೋಡಿದ್ದು ನಿನ್ನೆಯ ಬುಧನನ್ನು.

ಅಳತೆ ಗೊತ್ತಿಲ್ಲದಿರುವುದು ಇನ್ನೊಂದು ದೊಡ್ಡ ಕಾರಣ. 2022ರ ಮೇ ತಿಂಗಳಲ್ಲಿ ಮಂಗಳನ ಮೇಲೆ ಕ್ಯೂರಿಯಾಸಿಟಿ ರೋವರ್ ತೆಗೆದ ಚಿತ್ರದಲ್ಲಿ ಬಂಡೆಗೆ ಕೊರೆದ ಬಾಗಿಲು ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಒಳಗೆ ಹೋಗಿ ಬರಬೇಕೆನಿಸುತ್ತದೆ; ಅದರ ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ ಸುಮಾರು 40. ಬಂಡೆಯ ಎರಡು ಬಿರುಕುಗಳು ಸಂಧಿಸಿ ಚೂರೊಂದು ಕಳಚಿದ ಜಾಗ ಅದು. ಚಂದ್ರನ ಆಚೆ ಬದಿಯಲ್ಲಿ ಚೀನಾದ ಯುಟು-2 ರೋವರ್ 2021ರ ಕೊನೆಯಲ್ಲಿ ದಿಗಂತದಲ್ಲಿ ಕಂಡ ಚೌಕಾಕಾರದ ಗುಡಿಸಲಿನ ಕತೆಯೂ ಹೀಗೆಯೇ: ಆಗ ಅದು ಸುಮಾರು 80 ಮೀಟರ್ ದೂರದಲ್ಲಿತ್ತು, ಚಿತ್ರದಲ್ಲಿ ಕೆಲವೇ ಪಿಕ್ಸೆಲ್‌ಗಳಷ್ಟಿತ್ತು, 2022ರ ಜನವರಿಯಲ್ಲಿ ರೋವರ್ ಹತ್ತಿರ ಹೋದಾಗ ಕುಳಿಯೊಂದರ ಅಂಚಿನ ಮೇಲೆ ಕೂತಿದ್ದ ಸಣ್ಣ ಕಲ್ಲು ಎಂದು ತಿಳಿಯಿತು. ಚಂದ್ರನಲ್ಲಿ ಗಾಳಿಯಿಲ್ಲದ್ದರಿಂದ ದೂರದ ವಸ್ತು ಮಸುಕಾಗುವುದಿಲ್ಲ, ಗಾತ್ರ ಹೋಲಿಸಲು ಮರವೂ ಮನೆಯೂ ಇಲ್ಲ. ಅಪೊಲೊ ಯಾತ್ರಿಕರೂ ಅಲ್ಲಿ ದೂರವನ್ನು ಅಂದಾಜಿಸಲು ಕಷ್ಟಪಟ್ಟಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಕೇಳಿಬರುತ್ತದೆ: ಪ್ರಕೃತಿ ನೇರ ಗೆರೆ ಎಳೆಯುವುದಿಲ್ಲ, ಕೋನ ಕೊರೆಯುವುದಿಲ್ಲ, ಹಾಗಾಗಿ ಅಂಥದ್ದು ಕಂಡರೆ ಯಾರದೋ ಕೈವಾಡವಿರಲೇಬೇಕು. ಕರಾವಳಿಯ ನಾವು ಈ ಮಾತನ್ನು ಒಪ್ಪಲು ಸಾಧ್ಯವೇ ಇಲ್ಲ, ಏಕೆಂದರೆ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇದಕ್ಕೆ ಉತ್ತರ ಕಲ್ಲಿನಲ್ಲೇ ಇದೆ. ಅಲ್ಲಿ ಐದು, ಆರು, ಏಳು ಮುಖಗಳ ಕಂಬಗಳು, ಉಳಿ ಹಿಡಿದು ಕೆತ್ತಿ ಒಂದರ ಪಕ್ಕ ಒಂದು ನಿಲ್ಲಿಸಿದಂತೆ ಗುಂಪುಗುಂಪಾಗಿ ನಿಂತಿವೆ. ತಲೆ ಕಡಿದುಹೋದ ಕಡೆ ಮೇಲಿನಿಂದ ನೋಡಿದರೆ ಷಟ್ಕೋನದ ಹಾಸುಗಲ್ಲು ಹಾಕಿದ ಅಂಗಳದಂತೆ ಕಾಣುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸಾಮಾನ್ಯವಾಗಿ ಬಸಾಲ್ಟ್ ಎಂದು ಕರೆದರೂ ಇದು ಸಿಲಿಕಾ ಹೆಚ್ಚಿರುವ ಡೇಸೈಟ್, ರಯೋಲೈಟ್ ಬಗೆಯ ಜ್ವಾಲಾಮುಖಿ ಶಿಲೆ, 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಇಂದಿನ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿಬಂದದ್ದು.

ಲಾವಾ ತಣಿಯುವಾಗ ಕುಗ್ಗುತ್ತದೆ. ಅಕ್ಕಪಕ್ಕದ ಕಲ್ಲು ಬಿಡದೆ ಹಿಡಿದಿರುವುದರಿಂದ ಕುಗ್ಗಲು ಜಾಗ ಸಾಲದೆ ಬಿರುಕು ಬಿಡುತ್ತದೆ. ಎಲ್ಲ ದಿಕ್ಕಿನಲ್ಲಿಯೂ ಸಮನಾಗಿರುವ ಎಳೆತವನ್ನು ಕಡಿಮೆ ಉದ್ದದ ಬಿರುಕುಗಳಿಂದ ಸಡಿಲಿಸಬೇಕಾದರೆ ಬಿರುಕುಗಳು ಮೂರುಮೂರಾಗಿ, 120 ಡಿಗ್ರಿ ಕೋನದಲ್ಲಿ ಸಂಧಿಸುವುದು ಅತ್ಯಂತ ಅನುಕೂಲದ ಕ್ರಮ. ಅಂಥ ಸಂಧಿಗಳು ಸೇರಿದರೆ ಷಟ್ಕೋನವಾಗುತ್ತದೆ. ತಂಪು ಒಳಗಿಳಿದಂತೆ ಬಿರುಕೂ ಒಳಗಿಳಿದು ಷಟ್ಕೋನ ಕಂಬವಾಗುತ್ತದೆ. ಬೇಗ ತಣಿದರೆ ಕಂಬ ಸಪೂರ, ನಿಧಾನ ತಣಿದರೆ ದಪ್ಪ. 2009ರಲ್ಲಿ ಮಂಗಳನ ಸುತ್ತುವ ನೌಕೆಯ ಹೈರೈಸ್ ಕ್ಯಾಮೆರಾ, ಮಾರ್ಟೆ ವ್ಯಾಲಿಸ್ ಪ್ರದೇಶದ ಕುಳಿಯೊಂದರ ಗೋಡೆಯಲ್ಲಿ ಇದೇ ಬಗೆಯ ಕಂಬಗಳ ಸಾಲನ್ನು ತೋರಿಸಿತು. ಯಾರೋ ಅದನ್ನು ದೇವಾಲಯದ ಅವಶೇಷವೆಂದು ಕರೆಯುವ ಮೊದಲೇ ಭೂವಿಜ್ಞಾನಿಗಳು ಅದರಿಂದ ಆ ಲಾವಾ ಎಷ್ಟು ವೇಗವಾಗಿ ತಣಿದಿರಬೇಕು, ತಣಿಸಲು ನೀರು ಇತ್ತೇ ಎಂಬ ಪ್ರಶ್ನೆಗಳಿಗೆ ಹೋದರು. ಮಲ್ಪೆಯ ದ್ವೀಪಕ್ಕೆ ಪ್ರವಾಸ ಕರೆದೊಯ್ಯುವ ಶಾಲೆಗಳು ಅಲ್ಲಿ ಮಕ್ಕಳಿಗೆ ಮಂಗಳನ ಆ ಚಿತ್ರವನ್ನೂ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಚಂದ್ರನೇ ಟೊಳ್ಳು, ಅದೊಂದು ಕೃತಕ ನೌಕೆ ಎಂಬ ಹೇಳಿಕೆಗೆ ಚಿತ್ರಗಳ ಬೆಂಬಲವಿಲ್ಲ, ಅದು ನಿಂತಿರುವುದು ಕಂಪನದ ಮೇಲೆ. 1969ರ ನವೆಂಬರ್ 20ರಂದು ಅಪೊಲೊ-12ರ ಯಾತ್ರಿಕರು ತಮ್ಮ ಚಂದ್ರನೌಕೆಯ ಮೇಲ್ಭಾಗವನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದಾಗ, ತಾವು ಇಟ್ಟುಬಂದಿದ್ದ ಭೂಕಂಪಮಾಪಕ ಸುಮಾರು ಒಂದು ಗಂಟೆ ಕಂಪಿಸುತ್ತಲೇ ಇತ್ತು. ಚಂದ್ರ ಗಂಟೆಯಂತೆ ಮೊಳಗಿತು ಎಂಬ ವರ್ಣನೆ ಹರಡಿ, ಹಾಗಾದರೆ ಒಳಗೆ ಟೊಳ್ಳು ಎಂಬ ತೀರ್ಮಾನಕ್ಕೆ ಜನ ಬಂದರು. ಭೂಮಿಯ ಬಂಡೆಗಳ ಬಿರುಕುಗಳಲ್ಲಿ ನೀರಿದ್ದು ಅದು ಕಂಪನದ ಶಕ್ತಿಯನ್ನು ಬೇಗ ಹೀರುತ್ತದೆ. ಚಂದ್ರನ ಹೊರಪದರ ಒಣಕಲು, ಕೋಟ್ಯಂತರ ವರ್ಷಗಳ ಉಲ್ಕಾಪಾತದಿಂದ ಪುಡಿಪುಡಿಯಾಗಿ ಬಿರಿದದ್ದು, ಆದ್ದರಿಂದ ಅಲೆಗಳು ಚದುರಿ ಅತ್ತಿತ್ತ ತಾಗುತ್ತ ಬಹಳ ಹೊತ್ತು ಉಳಿಯುತ್ತವೆ. ಟೊಳ್ಳೋ ಗಟ್ಟಿಯೋ ಎಂದು ನೇರವಾಗಿ ಹೇಳುವ ಅಳತೆ ಬೇರೆಯೇ ಇದೆ. ಗೋಳದ ರಾಶಿ ಕೇಂದ್ರದಿಂದ ಹೇಗೆ ಹಂಚಿಹೋಗಿದೆ ಎಂಬುದನ್ನು ಜಡತ್ವದ ಒಂದು ಸಂಖ್ಯೆ ಸೂಚಿಸುತ್ತದೆ: ತೆಳು ಚಿಪ್ಪಿನ ಟೊಳ್ಳು ಗೋಳಕ್ಕೆ ಅದು 0.667, ಎಲ್ಲೆಡೆ ಒಂದೇ ಸಾಂದ್ರತೆಯ ಗಟ್ಟಿ ಗೋಳಕ್ಕೆ 0.4, ಒಳಗೆ ಹೋದಂತೆ ಭಾರವಾಗುವ ಗೋಳಕ್ಕೆ ಅದಕ್ಕಿಂತ ಕಡಿಮೆ. ಚಂದ್ರನಿಗೆ ಅಳೆದು ಸಿಕ್ಕಿದ್ದು 0.393. ಅಂದರೆ ಚಂದ್ರ ಗಟ್ಟಿ, ಮಧ್ಯದಲ್ಲಿ ಸಣ್ಣದಾದ, ಭಾರವಾದ ತಿರುಳಿದೆ.

ಮುಚ್ಚಿಡುತ್ತಾರೆ ಎಂಬ ಆಪಾದನೆಯನ್ನೂ ಅಳತೆಗೇ ಒಡ್ಡಬಹುದು. ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ತಯಾರಾದ ಆರ್ಯಭಟ 1975ರಲ್ಲಿ ಕಕ್ಷೆ ಸೇರಿದಂದಿನಿಂದ ಈ ದೇಶ ಕಟ್ಟಿಕೊಂಡ ಸಾಮರ್ಥ್ಯದ ಫಲವಾಗಿ, ಚಂದ್ರನ ಮೇಲೆ ಏನಿದೆ ಎಂದು ತಿಳಿಯಲು ನಾವು ನಾಸಾದ ಮಾತನ್ನೇ ನೆಚ್ಚಬೇಕಾಗಿಲ್ಲ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಯಲ್ಲಿತ್ತು. ಅಂಥ ಕಕ್ಷೆಯ ಕೆಳಗೆ ಚಂದ್ರ ತಿರುಗುತ್ತ ಹೋದಂತೆ ನಮಗೆ ಕಾಣದ ಆಚೆ ಬದಿಯೂ ತಾನಾಗಿ ಕ್ಯಾಮೆರಾದ ಕೆಳಗೆ ಬರುತ್ತದೆ, ಅಲ್ಲಿಯೂ ತಿಂಗಳಿಗೊಮ್ಮೆ ಎರಡು ವಾರದ ಹಗಲಿರುತ್ತದೆ. ಜಪಾನಿನ ಕಾಗುಯಾ, ಚೀನಾದ ಚಾಂಗ್‌ಎ, ಕೊರಿಯಾದ ದನುರಿ ನೌಕೆಗಳು ಚಿತ್ರಿಸಿದ್ದೂ ಅದೇ ನೆಲವನ್ನು. ಚಂದ್ರಯಾನ-2ರ ಕಕ್ಷಾನೌಕೆಯ ಒಎಚ್‌ಆರ್‌ಸಿ ಕ್ಯಾಮೆರಾಕ್ಕೆ 100 ಕಿಲೋಮೀಟರ್ ಎತ್ತರದಿಂದ ಕಾಲು ಮೀಟರಿನಷ್ಟು ಸೂಕ್ಷ್ಮವಾದದ್ದೂ ಕಾಣುತ್ತದೆ. ಅದು ಅಪೊಲೊ-11 ಇಳಿದ ಜಾಗವನ್ನೂ, ನಮ್ಮದೇ ವಿಕ್ರಮ್ ನಿಂತ ಜಾಗವನ್ನೂ ತೋರಿಸಿದೆ. ಚಂದ್ರನನ್ನು ಸುತ್ತುವ ಅಮೆರಿಕದ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ 1970ರಲ್ಲಿ ಚಂದ್ರನ ಮೇಲೆ ಓಡಾಡಿದ ಸೋವಿಯತ್ ರೋವರ್ ಲೂನೊಖೋದ್-1 ಸುಮಾರು 40 ವರ್ಷಗಳ ಮೇಲೆ ಪತ್ತೆಯಾಯಿತು, ಅದರ ಉದ್ದ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಮೀಟರಿನ ಗಾಡಿ ಸಿಗುವ ಕಡೆ ಕಿಲೋಮೀಟರುಗಟ್ಟಲೆಯ ಗೋಪುರ ಸಿಗದೇ ಹೋಗುವುದು ಸಾಧ್ಯವಿಲ್ಲ.

ಇದರಲ್ಲಿ ನನಗೆ ಅತ್ಯಂತ ಹೆಮ್ಮೆಯೆನಿಸುವ ಘಟನೆ 2019ರದು. ಆ ವರ್ಷದ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಅಪ್ಪಳಿಸಿದ ಮೇಲೆ ಎಲ್‌ಆರ್‌ಒ ತನ್ನ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಚೆನ್ನೈನ ಒಬ್ಬ ಇಂಜಿನಿಯರ್, ಬಾಹ್ಯಾಕಾಶ ಸಂಸ್ಥೆಗೆ ಸೇರಿದವರಲ್ಲ, ಅಪ್ಪಳಿಸುವ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸಿ, ಹಿಂದೆ ಇಲ್ಲದ ಒಂದೇ ಒಂದು ಹೊಳೆಯುವ ಚುಕ್ಕೆಯನ್ನು ಗುರುತಿಸಿದರು. ಅವರು ತಿಳಿಸಿದ ಮೇಲೆ ವಿಜ್ಞಾನಿಗಳು ಬೇರೆ ಬೆಳಕಿನಲ್ಲಿ ತೆಗೆದ ಹೊಸ ಚಿತ್ರಗಳೊಂದಿಗೆ ಪರೀಕ್ಷಿಸಿ, ಅದು ನೌಕೆಯ ಚೂರೆಂದು 2019ರ ಡಿಸೆಂಬರಿನಲ್ಲಿ ದೃಢಪಡಿಸಿದರು. ಚಂದ್ರನ ಮೇಲೆ ಕೃತಕ ವಸ್ತುವೊಂದನ್ನು ಮನೆಯಲ್ಲಿ ಕೂತು ಹುಡುಕುವ ಕೆಲಸ ಸಾಧ್ಯವೆಂದು ಅದು ತೋರಿಸಿತು. ಇಸ್ರೋ ಚಂದ್ರಯಾನದ ದತ್ತಾಂಶವನ್ನೂ ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರದ ಮೂಲಕ ಸಾರ್ವಜನಿಕರಿಗೆ ಕೊಡುತ್ತಿದೆ. ಸೂರ್ಯನ ಕೋನ, ಎತ್ತರ, ಪಿಕ್ಸೆಲ್ ಗಾತ್ರ ಎಲ್ಲವೂ ಅದರ ಜೊತೆಗಿರುತ್ತವೆ. ನಮ್ಮ ಎರಡೂ ಜಿಲ್ಲೆಗಳ ಕಾಲೇಜುಗಳಲ್ಲಿರುವ ಖಗೋಳ ಆಸಕ್ತರು ಈ ಕಡತಗಳನ್ನು ತೆರೆದು ನೋಡುವ ಅಭ್ಯಾಸ ಬೆಳೆಸಿಕೊಂಡರೆ, ಹಂಚಿಕೆಯ ವೀಡಿಯೊ ಬಂದ ದಿನವೇ ಮೂಲಚಿತ್ರ ಹುಡುಕಿ ತೋರಿಸಬಲ್ಲವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಅನ್ಯಗ್ರಹದವರ ಕುರುಹನ್ನು ಚಂದ್ರನಲ್ಲಿ ಹುಡುಕುವುದು ವಿಜ್ಞಾನಕ್ಕೆ ನಿಷಿದ್ಧವೇನಲ್ಲ. ಪಾಲ್ ಡೇವಿಸ್ ಮತ್ತು ರಾಬರ್ಟ್ ವ್ಯಾಗ್ನರ್ ಎಂಬ ಇಬ್ಬರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಬರೆದ ಪ್ರಬಂಧದಲ್ಲಿ, ಎಲ್‌ಆರ್‌ಒ ಚಿತ್ರಗಳನ್ನು ಈ ದೃಷ್ಟಿಯಿಂದಲೂ ಸೋಸಬೇಕು ಎಂದು ಸೂಚಿಸಿದ್ದಾರೆ. ಗಾಳಿ, ಮಳೆ ಇಲ್ಲದ ಚಂದ್ರನಲ್ಲಿ ಸವಕಳಿ ಅತ್ಯಂತ ನಿಧಾನವಾದ್ದರಿಂದ, ಎಂದೋ ಬಿಟ್ಟುಹೋದ ವಸ್ತು ಲಕ್ಷಾಂತರ ವರ್ಷ ಉಳಿಯಬಲ್ಲದು ಎಂಬುದು ಅವರ ತರ್ಕ. ಅಸಹಜವಾದದ್ದನ್ನು ತಾನಾಗಿ ಎತ್ತಿತೋರಿಸುವಂತೆ ಕಂಪ್ಯೂಟರಿಗೆ ಕಲಿಸುವ ಪ್ರಯತ್ನಗಳೂ ನಡೆದಿವೆ. ಅಂಥ ಒಂದು ವಿಧಾನವನ್ನು ಪರೀಕ್ಷಿಸಲು ಅಪೊಲೊ-15ರ ಯಾತ್ರಿಕರು ಬಿಟ್ಟುಬಂದ ನೌಕೆಯ ಚಿತ್ರವನ್ನೇ ಬಳಸಲಾಯಿತು. ಕಡಿಮೆ ರೆಸಲ್ಯೂಶನ್‌ನ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂಬುದು ಏನೂ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ ಎನ್ನುವುದನ್ನೂ ಇಲ್ಲಿ ಒಪ್ಪಬೇಕು. 1966ರಲ್ಲಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಹವಾಮಾನ ಉಪಗ್ರಹಗಳು ಕಿಲೋಮೀಟರ್ ಮಟ್ಟದಲ್ಲಿ ತೆಗೆದ ನಮ್ಮ ಭೂಮಿಯದೇ ಸಾವಿರಾರು ಚಿತ್ರಗಳನ್ನು ಶೋಧಿಸಿದಾಗ, ಮನುಷ್ಯನ ಕೆಲಸದ ಕುರುಹು ಎನ್ನಬಹುದಾದದ್ದು ತೀರಾ ಅಪರೂಪಕ್ಕೆ ಸಿಕ್ಕಿತು.

ಸಾಕ್ಷಿಯೆಂದು ಒಪ್ಪಬೇಕಾದರೆ ಆಕಾರವೊಂದೇ ಸಾಲದು. ವಸ್ತುವಿನಿಂದ ಪ್ರತಿಫಲಿಸಿದ ಬೆಳಕಿನ ರೋಹಿತ, ಅಂದರೆ ಅದರಲ್ಲಿನ ಬಣ್ಣಗಳ ಹಂಚಿಕೆ, ಸುತ್ತಲಿನ ಕಲ್ಲಿಗಿಂತ ಬೇರೆಯಾಗಿ, ಶುದ್ಧೀಕರಿಸಿದ ಲೋಹವನ್ನೋ ಗಾಜನ್ನೋ ಸೂಚಿಸಬೇಕು. ಚಂದ್ರನ ಎರಡು ವಾರದ ರಾತ್ರಿಯಲ್ಲಿ ಅದು ತಣಿಯುವ ವೇಗ ಬಂಡೆಯದಕ್ಕಿಂತ ಬೇರೆಯಾಗಬೇಕು. ಬೇರೆ ದೇಶದ ಬೇರೆ ಉಪಕರಣಕ್ಕೂ ಅದು ಸಿಗಬೇಕು. ಇಂಥ ಪರೀಕ್ಷೆ ಇನ್ನೂ ಪೂರ್ತಿ ತಲುಪದ ಜಾಗಗಳು ಚಂದ್ರನಲ್ಲಿವೆ. ಧ್ರುವಗಳ ಬಳಿ ಸೂರ್ಯನ ಬೆಳಕೇ ಬೀಳದ ಕುಳಿಗಳ ತಳವನ್ನು ದನುರಿಯಲ್ಲಿರುವ ಶ್ಯಾಡೋಕ್ಯಾಮ್ ಎಂಬ ಕ್ಯಾಮೆರಾ, ಅಂಚಿನ ಬೆಟ್ಟಗಳಿಂದ ಚದುರಿಬರುವ ಮಂದ ಬೆಳಕಿನಲ್ಲಿ ಚಿತ್ರಿಸುತ್ತಿದೆ. 2009ರಲ್ಲಿ ಕಾಗುಯಾ ಚಿತ್ರಗಳಲ್ಲಿ ಮಾರಿಯಸ್ ಬೆಟ್ಟಗಳ ಬಳಿ ಲಾವಾ ಸುರಂಗದ ಚಾವಣಿ ಕುಸಿದು ಉಂಟಾದ ಹೊಂಡ ಮೊದಲ ಬಾರಿಗೆ ಗುರುತಾಯಿತು. ಟ್ರ್ಯಾಂಕ್ವಿಲಿಟಿ ಬಯಲಿನ ಸುಮಾರು 100 ಮೀಟರ್ ಅಗಲದ ಇನ್ನೊಂದು ಹೊಂಡದ ತಳದಿಂದ ಪಕ್ಕಕ್ಕೆ ಗುಹೆಯೊಂದು ಸಾಗುತ್ತದೆಂದು, 2010ರಲ್ಲಿ ಎಲ್‌ಆರ್‌ಒ ತೆಗೆದ ರೇಡಾರ್ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿದ ವಿಜ್ಞಾನಿಗಳು 2024ರಲ್ಲಿ ತೋರಿಸಿದ್ದಾರೆ. ಆ ಗುಹೆಗಳ ಒಳಗಿನ ಉದ್ದ ಎಷ್ಟು, ಒಂದಕ್ಕೊಂದು ಕೂಡುತ್ತವೆಯೇ, ಮುಂದೆ ಹೋಗುವ ಯಾತ್ರಿಕರಿಗೆ ವಿಕಿರಣದಿಂದ ಆಸರೆಯಾಗಬಲ್ಲವೇ ಎಂಬುದನ್ನು ಅಳೆಯಲು ಇಳಿಯುವ ರೋಬೋಟುಗಳ ವಿನ್ಯಾಸ ಈಗ ನಡೆಯುತ್ತಿದೆ.